ದಿನಾಂಕ ಒಂದು, ಲೆಕ್ಕ ಮೂರು

ಕಾಸರಗೋಡಿನ ನೆಕ್ರಾಜೆಯಂಥ ಗಡಿನಾಡಿನ ಊರಿನಲ್ಲಿ ಸರ್ಕಾರಿ ಸಂಬಳ ಎಂದರೆ ಒಂದೇ ಬಗೆಯದಲ್ಲ. ಅಕ್ಕ ಅನುದಾನಿತ ಕನ್ನಡ ಶಾಲೆಯಲ್ಲಿ ಕೇರಳದ ವೇತನ ಶ್ರೇಣಿಯಲ್ಲಿ, ತಮ್ಮ ಪುತ್ತೂರಿನಲ್ಲೋ ಮಂಗಳೂರಿನಲ್ಲೋ ಕರ್ನಾಟಕದ ಶ್ರೇಣಿಯಲ್ಲಿ, ಭಾವ ಕೂಡ್ಲಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ಸಿಪಿಸಿಆರ್‌ಐಯಲ್ಲಿ ಕೇಂದ್ರದ ಶ್ರೇಣಿಯಲ್ಲಿ ದುಡಿಯುವ ಕುಟುಂಬವನ್ನು ಇಲ್ಲಿ ಊಹಿಸಿಕೊಳ್ಳುವುದು ಕಷ್ಟವಲ್ಲ. ಮೂವರಿಗೂ ವೇತನ ಪರಿಷ್ಕರಣೆ ಬರುತ್ತದೆ, ಮೂವರಿಗೂ ಅದು ಹಿಂದಿನ ದಿನಾಂಕದಿಂದ ಜಾರಿಯಾಗುತ್ತದೆ. ಆದೇಶ ಹೊರಟ ದಿನ ಪತ್ರಿಕೆಗಳಲ್ಲಿ ‘ಪೂರ್ವಾನ್ವಯವಾಗಿ’ ಎಂಬ ಮಾತು ಉದಾರತೆಯ ಗುರುತಿನಂತೆ ಅಚ್ಚಾಗುತ್ತದೆ. ಈ ಪದ್ಧತಿಯನ್ನು ಅಳೆಯಬೇಕಾದದ್ದು ಆದೇಶದ ಮೊದಲ ಸಾಲಿನಿಂದಲ್ಲ. ಆ ದಿನಾಂಕವನ್ನು ಆದಾಯ ತೆರಿಗೆಯ ಲೆಕ್ಕ ಒಪ್ಪುತ್ತದೆಯೇ, ಪಿಂಚಣಿಯ ಲೆಕ್ಕ ಒಪ್ಪುತ್ತದೆಯೇ, ಆದಾಯಮಿತಿ ನೋಡಿ ಸವಲತ್ತು ಕೊಡುವ ಕಚೇರಿಗಳು ಒಪ್ಪುತ್ತವೆಯೇ ಎಂದು ಕೇಳಬೇಕು. ಮೂರೂ ಕಡೆ ಒಪ್ಪಿಗೆ ಸಿಗದ ದಿನಾಂಕ ಬರಿಯ ಅಲಂಕಾರ. ಅದರ ಖರ್ಚನ್ನು ನೌಕರ ತನಗೆ ಗೊತ್ತಿಲ್ಲದೆಯೇ ತೆರುತ್ತಾನೆ.

ಮೂರು ಸರ್ಕಾರಗಳ ನಡವಳಿಕೆಯನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ ವಿಷಯ ತಿಳಿಯಾಗುತ್ತದೆ. ಏಳನೇ ಕೇಂದ್ರ ವೇತನ ಆಯೋಗದ ಶ್ರೇಣಿ 2016ರ ಜನವರಿ 1ರಿಂದ ಅನ್ವಯವಾಯಿತು. ಜುಲೈ 25ರಂದು ಅಧಿಸೂಚನೆ ಹೊರಟಿತು, ಆಗಸ್ಟ್ ಸಂಬಳದ ಜೊತೆಗೆ ಬಾಕಿ ನಗದಾಗಿ ಕೈಸೇರಿತು. ಹಿಂದಿನ ಹಣಕಾಸು ವರ್ಷಕ್ಕೆ ಸೇರಿದ್ದು ಮೂರೇ ತಿಂಗಳ ಬಾಕಿ, ಹಾಗಾಗಿ ತೆರಿಗೆಯಲ್ಲಿ ದೊಡ್ಡ ಏರುಪೇರು ಆಗಲಿಲ್ಲ. (ಮನೆಬಾಡಿಗೆಯಂಥ ಭತ್ಯೆಗಳನ್ನು ಮಾತ್ರ 2017ರ ಜುಲೈವರೆಗೆ ಹಿಡಿದಿಟ್ಟು ಆ ಅವಧಿಯ ಬಾಕಿಯನ್ನು ಕೊಡಲೇ ಇಲ್ಲ. ಕೇಂದ್ರವೂ ಪೂರ್ತಿ ಸಾಚಾ ಅಲ್ಲ.) ಕರ್ನಾಟಕದ ಏಳನೇ ವೇತನ ಆಯೋಗದ ಶ್ರೇಣಿ 2022ರ ಜುಲೈ 1ರಿಂದ ಜಾರಿ ಎಂದಾಯಿತು, ಆದರೆ ಹಣ ಸಿಕ್ಕಿದ್ದು 2024ರ ಆಗಸ್ಟ್ 1ರಿಂದ. ನಡುವಿನ 25 ತಿಂಗಳು ಕಾಗದದ ಮೇಲಿನ ವೇತನ, ಕೈಗೆ ಬಾರದ ವೇತನ. ಕೇರಳದ ಹನ್ನೊಂದನೇ ಪರಿಷ್ಕರಣೆಯ ಆದೇಶ 2021ರ ಫೆಬ್ರವರಿ 10ರದು, ಅನ್ವಯ 2019ರ ಜುಲೈ 1ರಿಂದ. 20 ತಿಂಗಳ ಬಾಕಿಯನ್ನು ಶೇ. 25ರಂತೆ ನಾಲ್ಕು ಕಂತಾಗಿ ಪಿಎಫ್‌ಗೆ ಸೇರಿಸುತ್ತೇವೆ, ಮೊದಲ ಕಂತು 2023ರ ಏಪ್ರಿಲ್ 1ಕ್ಕೆ, ಕೊನೆಯದು 2024ರ ಅಕ್ಟೋಬರ್ 1ಕ್ಕೆ ಎಂದು ಮಾತು ಕೊಡಲಾಯಿತು. ಮೊದಲ ಕಂತಿನ ದಿನ ಬಂದಾಗ ಅದನ್ನು ಮುಂದೂಡಿದರು. ಎರಡು ಕಂತುಗಳ ಸುಮಾರು 1,900 ಕೋಟಿ ರೂಪಾಯಿಯ ಮಾತು ಮತ್ತೆ ಕೇಳಿಬಂದದ್ದು 2025ರ ಆರಂಭದಲ್ಲಿ.

ಮೊದಲು ತೆರಿಗೆ. ಆದಾಯ ತೆರಿಗೆಯ ಕಾನೂನಿನಲ್ಲಿ ಬಾಕಿ ಸಂಬಳ ಯಾವ ವರ್ಷ ಸಂದಾಯವಾಗುತ್ತದೋ ಆ ವರ್ಷದ ಆದಾಯ, ಹಿಂದೆ ಅದರ ಮೇಲೆ ತೆರಿಗೆ ಹಾಕಿರದಿದ್ದರೆ. ಒಂದು ಲೆಕ್ಕ ಮಾಡಿ ನೋಡೋಣ. 2025-26ರಲ್ಲಿ ಹೊಸ ತೆರಿಗೆ ಪದ್ಧತಿಯಲ್ಲಿರುವ ಒಬ್ಬ ಶಿಕ್ಷಕಿಯ ವಾರ್ಷಿಕ ಸಂಬಳ 12.20 ಲಕ್ಷ. 75,000 ರೂಪಾಯಿಯ ಪ್ರಮಾಣಿತ ಕಡಿತ ಕಳೆದರೆ ಉಳಿಯುವುದು 11.45 ಲಕ್ಷ. 12 ಲಕ್ಷದವರೆಗೆ ರಿಯಾಯಿತಿ ಇರುವುದರಿಂದ ಆಕೆ ಕೊಡಬೇಕಾದ ತೆರಿಗೆ ಸೊನ್ನೆ. ಅದೇ ವರ್ಷ ಹಳೆಯ ಬಾಕಿ 2 ಲಕ್ಷ ಬಂತೆಂದುಕೊಳ್ಳಿ. ತೆರಿಗೆಗೆ ಒಳಪಡುವ ಆದಾಯ 13.45 ಲಕ್ಷಕ್ಕೆ ಏರುತ್ತದೆ, ರಿಯಾಯಿತಿ ಪೂರ್ತಿ ಕಳಚಿಬೀಳುತ್ತದೆ, ಸೆಸ್ ಸೇರಿ ತೆರಿಗೆ 85,020 ರೂಪಾಯಿ ಆಗುತ್ತದೆ. ಎರಡು ಲಕ್ಷದ ಬಾಕಿಗೆ ಎಂಬತ್ತೈದು ಸಾವಿರ! ಅದೇ ಹಣ ಸಲ್ಲಬೇಕಾದ ಕಾಲಕ್ಕೆ ಸಂದಿದ್ದರೆ? 2019-20ಕ್ಕೆ 90,000, 2020-21ಕ್ಕೆ 1,10,000 ಎಂದು ಹಂಚಿ, ಆಗ ಆಕೆಯ ತೆರಿಗೆಯ ಆದಾಯ ವರ್ಷಕ್ಕೆ 6 ಲಕ್ಷ ಇತ್ತೆಂದು ಹಿಡಿದರೆ, ಅಂದಿನ ಶೇ. 20ರ ದರಕ್ಕೆ ಸೆಸ್ ಕೂಡಿಸಿ ಕೊಡಬೇಕಿದ್ದದ್ದು 41,600 ಮಾತ್ರ. ಸರ್ಕಾರ ತಡಮಾಡಿದ್ದಕ್ಕೆ ಶಿಕ್ಷಕಿಯ ಮೇಲೆ ಬಿದ್ದ ಹೊರೆ 43,420 ರೂಪಾಯಿ.

ಇದಕ್ಕೆ ಪರಿಹಾರ ಕಾನೂನಿನಲ್ಲೇ ಇದೆಯಲ್ಲ ಎಂಬುದು ಎದುರಾಗುವ ಮೊದಲ ಆಕ್ಷೇಪ, ಮತ್ತು ಅದು ನ್ಯಾಯವಾದ ಆಕ್ಷೇಪ. 2025-26ರ ಲೆಕ್ಕಕ್ಕೆ ಅನ್ವಯಿಸುವ 1961ರ ಆದಾಯ ತೆರಿಗೆ ಕಾಯ್ದೆಯ 89ನೇ ಕಲಮು ಇದೇ ವ್ಯತ್ಯಾಸವನ್ನು ಕಳೆಯಲು ಹುಟ್ಟಿದ್ದು. ಹೊಸ ಪದ್ಧತಿಯವರಿಗೂ ಅದು ಸಿಗುತ್ತದೆ, ನಿವೃತ್ತರ ಪಿಂಚಣಿ ಬಾಕಿಗೂ ಕುಟುಂಬ ಪಿಂಚಣಿ ಬಾಕಿಗೂ ಸಿಗುತ್ತದೆ. 10ಇ ನಮೂನೆಯನ್ನು ಆನ್‌ಲೈನ್‌ನಲ್ಲಿ ತುಂಬಿ ಸಲ್ಲಿಸಿದರೆ ಮೇಲಿನ ಶಿಕ್ಷಕಿಗೆ ಆ 43,420 ರೂಪಾಯಿಯೂ ಉಳಿಯುತ್ತದೆ. ಬಾಕಿ ವೇತನದ ವಿಷಯದಲ್ಲಿ ನಮ್ಮ ಕಾನೂನು ಮಾಡಿರುವ ಅತ್ಯಂತ ವಿವೇಕದ ಕೆಲಸ ಇದೆಂದು ಹೇಳಲು ನನಗೆ ಸಂಕೋಚವಿಲ್ಲ. ಆದರೆ ಈ ವಿವೇಕ ತಾನಾಗಿ ಬಂದು ಬಾಗಿಲು ತಟ್ಟುವುದಿಲ್ಲ. ಬಾಕಿ ಯಾವ ತಿಂಗಳಿಗೆ ಎಷ್ಟು ಎಂಬ ಡ್ಯೂ-ಡ್ರಾನ್ ಪಟ್ಟಿ ಬೇಕು, ಐದಾರು ವರ್ಷ ಹಿಂದಿನ ರಿಟರ್ನ್‌ಗಳು ಬೇಕು, ಆಯಾ ವರ್ಷದ ದರ ಹಿಡಿದು ಲೆಕ್ಕ ಕಟ್ಟಬೇಕು. ನಮೂನೆ ಸಲ್ಲಿಸದೆ ರಿಟರ್ನ್‌ನಲ್ಲಿ ಮಾತ್ರ ಪರಿಹಾರ ಕೇಳಿದವರಿಗೆ ಸಿಗುವುದು ಪರಿಹಾರವಲ್ಲ, ತೆರಿಗೆ ಬೇಡಿಕೆಯ ನೋಟಿಸು. ವಿಪರ್ಯಾಸವೆಂದರೆ ಬೇಕಾದ ಅಂಕಿಯ ಬಹುಪಾಲು ಸರ್ಕಾರದ ಬಳಿಯೇ ಇದೆ. ಕೇರಳದ ಸಂಬಳವೆಲ್ಲ ಸ್ಪಾರ್ಕ್ ತಂತ್ರಾಂಶದಲ್ಲಿ ಆಗುತ್ತದೆ, ಬಾಕಿಯ ತಿಂಗಳವಾರು ಲೆಕ್ಕವೂ ಅದರಲ್ಲೇ ಹುಟ್ಟುತ್ತದೆ. ನೌಕರ 10ಇ ವಿವರ ಕೊಟ್ಟರೆ ಸಂಬಳದಿಂದ ತೆರಿಗೆ ಕಡಿತ ಮಾಡುವಾಗಲೇ ಪರಿಹಾರ ಕೊಡಲು ಸರ್ಕಾರಿ ನೌಕರರ ಮಟ್ಟಿಗೆ ಅದೇ ಕಾಯ್ದೆಯ 192(2ಎ) ಉಪಕಲಮಿನಲ್ಲಿ ಅವಕಾಶವಿದೆ. ಅಷ್ಟಿದ್ದೂ ಲೆಕ್ಕದ ಭಾರ ಪೂರ್ತಿ ಶಿಕ್ಷಕನ ತಲೆಗೆ. ಆದೇಶ ಮಲಯಾಳದಲ್ಲೋ ಇಂಗ್ಲಿಷಿನಲ್ಲೋ ಬರುವ, ಸಹಾಯಕ್ಕೆ ಪಕ್ಕದ ಶಾಲೆಯ ತಿಳಿದವರನ್ನೇ ಹುಡುಕಬೇಕಾದ ಕಾಸರಗೋಡಿನ ಕನ್ನಡ ಶಿಕ್ಷಕನಿಗೆ ಅದು ಇನ್ನೊಂದು ಸುತ್ತು ಹೆಚ್ಚು.

89ನೇ ಕಲಮು ತಲುಪದ ಜಾಗವೂ ಒಂದಿದೆ, ಕೇರಳದ ಪದ್ಧತಿಯ ಅತಿ ದುರ್ಬಲ ಭಾಗ ಅದು. ಬಾಕಿಯನ್ನು ಪಿಎಫ್‌ಗೆ ಸೇರಿಸಿದ ವರ್ಷವೇ ಅದು ತೆರಿಗೆಯ ಆದಾಯ. ಆದರೆ ಹಣ ಕೈಯಲ್ಲಿಲ್ಲ. ಅನುದಾನಿತ ಶಾಲೆಯವರ ಕೆಎಎಸ್ಇಪಿಎಫ್ ಇರಲಿ, ಸರ್ಕಾರಿ ನೌಕರರ ಜಿಪಿಎಫ್ ಇರಲಿ, ಹೀಗೆ ಸೇರಿಸಿದ ಹಣಕ್ಕೆ ಬೀಗದ ಅವಧಿ ಇರುತ್ತದೆ. ತುಟ್ಟಿಭತ್ಯೆ ಬಾಕಿಯ ಎರಡು ಕಂತುಗಳ ಲಾಕ್-ಇನ್ ತೆಗೆಯುತ್ತೇವೆಂದು 2025ರ ರಾಜ್ಯ ಬಜೆಟ್ಟಿನಲ್ಲಿ ಸವಲತ್ತಿನಂತೆ ಸಾರಲಾಯಿತು, ಬೀಗ ಎಷ್ಟು ಭದ್ರವಾಗಿತ್ತೆಂಬುದಕ್ಕೆ ಅದೇ ಸಾಕ್ಷಿ. ಕೈಗೆ ಬಂದದ್ದು ಬಾಯಿಗೆ ಬರಲಿಲ್ಲ ಎನ್ನುತ್ತೇವೆ, ಇಲ್ಲಿ ಕೈಗೂ ಬರಲಿಲ್ಲ. ತೆರಿಗೆ ಮಾತ್ರ ತಿಂಗಳ ಸಂಬಳದಿಂದ ನಗದಾಗಿ ಕಡಿತವಾಯಿತು. ಪಿಎಫ್ ಎಂದರೆ ಉಳಿತಾಯವಲ್ಲವೇ, ಶೇ. 7.1ರ ಬಡ್ಡಿ ಬರುತ್ತದಲ್ಲವೇ ಎಂದು ಕೇಳುವವರಿದ್ದಾರೆ. ಹಳೆಯ ತೆರಿಗೆ ಪದ್ಧತಿಯಲ್ಲಿ, ಉಳಿತಾಯಕ್ಕೆ ಕಡಿತ ಕೊಡುವ 80ಸಿ ಕಲಮಿನ ಒಂದೂವರೆ ಲಕ್ಷದ ಮಿತಿ ಇನ್ನೂ ತುಂಬಿರದವರಿಗೆ ಈ ಏರ್ಪಾಡು ನಷ್ಟವಲ್ಲ, ಅದನ್ನು ಒಪ್ಪಬೇಕು. ಆದರೆ ಹೊಸ ಪದ್ಧತಿಯಲ್ಲಿ 80ಸಿಯೇ ಇಲ್ಲ. ಬಡ್ಡಿ ಶುರುವಾಗುವುದು ಹಣ ಖಾತೆಗೆ ಬಿದ್ದ ದಿನದಿಂದ, 2019ರಿಂದಲ್ಲ. ತಡೆದಿಟ್ಟ ಅಷ್ಟೂ ವರ್ಷ ಆ ಹಣ ಸರ್ಕಾರಕ್ಕೆ ಬಡ್ಡಿಯಿಲ್ಲದ ಸಾಲ.

ತೆರಿಗೆಯ ನಷ್ಟವನ್ನು ಲೆಕ್ಕಹಾಕಿ ಹಿಂಪಡೆಯಬಹುದು, ಪಿಂಚಣಿಯ ನಷ್ಟ ಹಾಗಲ್ಲ. ಕೇರಳದಲ್ಲಿ 2013ರ ಏಪ್ರಿಲ್ 1ಕ್ಕೆ ಮೊದಲು ಸೇರಿದವರಿಗೆ ಪಿಂಚಣಿ ನಿಲ್ಲುವುದು ಕೊನೆಯ ಹತ್ತು ತಿಂಗಳ ಸರಾಸರಿ ವೇತನದ ಮೇಲೆ. ಸೇವೆಯ ಮಧ್ಯದಲ್ಲಿ ಬಾಕಿ ತಡವಾದರೆ ಅವರ ಪಿಂಚಣಿ ಕುಗ್ಗುವುದಿಲ್ಲ. ಆ ದಿನಾಂಕದಿಂದ ಸೇರಿದವರದು ರಾಷ್ಟ್ರೀಯ ಪಿಂಚಣಿ ವ್ಯವಸ್ಥೆ, ಅಂದರೆ ಎನ್‌ಪಿಎಸ್. ಮೂಲವೇತನ ಮತ್ತು ತುಟ್ಟಿಭತ್ಯೆಯ ಶೇ. 10 ನೌಕರನಿಂದ, ಅಷ್ಟೇ ಸರ್ಕಾರದಿಂದ. ಈ ವಂತಿಗೆ ಬಿದ್ದ ದಿನದಿಂದ ಬೆಳೆಯುತ್ತದೆ, ಬೀಳದ ದಿನ ಬೆಳೆಯುವುದಿಲ್ಲ. 2024ರ ಮಾರ್ಚ್‌ನಲ್ಲಿ ಕೇರಳ ಸರ್ಕಾರ 2021ರ ಜನವರಿಯಿಂದ ಸಲ್ಲಬೇಕಿದ್ದ ಶೇ. 2ರ ತುಟ್ಟಿಭತ್ಯೆಯನ್ನು ಏಪ್ರಿಲ್ ಸಂಬಳದಿಂದ ಕೊಡಲು ಆದೇಶಿಸಿತು. ನಡುವಿನ 39 ತಿಂಗಳ ಬಗ್ಗೆ ಆದೇಶ ಮೌನ. 50,000 ಮೂಲವೇತನದವನಿಗೆ ಅದು 39,000 ರೂಪಾಯಿ. ಜೊತೆಗೆ ಎರಡೂ ಕಡೆಯ ವಂತಿಗೆ ಸೇರಿ 7,800 ರೂಪಾಯಿ ಅವನ ಪಿಂಚಣಿ ಖಾತೆಗೆ ಸಕಾಲಕ್ಕೆ ಬೀಳಲಿಲ್ಲ. ಮೊತ್ತ ಸಣ್ಣದೆನಿಸಬಹುದು. ಆದರೆ ಇದು ಒಂದೇ ಕಂತಿನ ಶೇ. 2ರ ಕತೆ, ಮತ್ತು ಇಪ್ಪತ್ತೈದು-ಮೂವತ್ತು ವರ್ಷ ಬೆಳೆಯಬೇಕಿದ್ದ ಹಣದ ಕತೆ. ಮುಂದೆಂದೋ ಬಾಕಿ ಕೊಟ್ಟು ಅದರಿಂದ ಶೇ. 10 ಮುರಿದುಕೊಂಡರೂ ಕಳೆದ ವರ್ಷಗಳ ಬೆಳವಣಿಗೆ ಮರಳುವುದಿಲ್ಲ. ಇನ್ನು ಕರ್ನಾಟಕದ ಆ 25 ತಿಂಗಳಲ್ಲಿ ನಿವೃತ್ತರಾದವರ ಪಾಡು ನೋಡಿ. ಅವರ ಪಿಂಚಣಿಯನ್ನು ಹೊಸ ಶ್ರೇಣಿಗೆ ಏರಿಸಲಾಯಿತು, ಆದರೆ ಉಪದಾನ, ಪರಿವರ್ತಿತ ಪಿಂಚಣಿ, ಗಳಿಕೆ ರಜೆ ನಗದೀಕರಣ ಹಳೆಯ ವೇತನದ ಲೆಕ್ಕದಲ್ಲೇ ಉಳಿದವು. ಒಬ್ಬನೇ ವ್ಯಕ್ತಿ, ಒಂದೇ ನಿವೃತ್ತಿಯ ದಿನ. ಒಂದು ಕಡತದಲ್ಲಿ ಆ ದಿನದ ವೇತನ ಹೊಸದು, ಇನ್ನೊಂದರಲ್ಲಿ ಹಳೆಯದು. 2024ರ ಜುಲೈ 31ಕ್ಕೆ ನಿವೃತ್ತನಾದವನಿಗೂ ಒಂದು ತಿಂಗಳ ನಂತರ ನಿವೃತ್ತನಾದವನಿಗೂ ಲಕ್ಷಗಳ ಅಂತರ ಹುಟ್ಟಿದ್ದು ಹೀಗೆ. ಆ ನಿವೃತ್ತರು ಬೀದಿಗಿಳಿದು ಕೇಳಿದ್ದರಲ್ಲಿ ದುರಾಸೆಯೇನೂ ಇರಲಿಲ್ಲ, ಸರ್ಕಾರ ತಾನೇ ಬರೆದ ದಿನಾಂಕಕ್ಕೆ ಬದ್ಧವಾಗಲಿ ಎಂದಷ್ಟೇ ಕೇಳಿದರು.

ಸವಲತ್ತುಗಳ ಪ್ರಶ್ನೆಯನ್ನು ಯಾರೂ ಎತ್ತುವುದಿಲ್ಲ, ಏಕೆಂದರೆ ಅಲ್ಲಿ ಪೆಟ್ಟು ಬೀಳುವುದು ನೌಕರನಿಗಲ್ಲ, ಅವನ ಮಕ್ಕಳಿಗೆ. ಕೇಂದ್ರದ ಆರ್ಥಿಕ ದುರ್ಬಲ ವರ್ಗದ ಮೀಸಲಾತಿಗೆ ಹಿಂದಿನ ಹಣಕಾಸು ವರ್ಷದ ಒಟ್ಟು ಕುಟುಂಬ ಆದಾಯ 8 ಲಕ್ಷದೊಳಗಿರಬೇಕು. ವರ್ಷಕ್ಕೆ 7.20 ಲಕ್ಷ ಸಂಬಳದ ಮನೆಗೆ 1.20 ಲಕ್ಷ ಹಳೆಯ ಬಾಕಿ ಬಂದರೆ ಆ ವರ್ಷದ ಆದಾಯ 8.40 ಲಕ್ಷ. ಹಣ ಪಿಎಫ್‌ನಲ್ಲಿ ಬೀಗದೊಳಗಿದ್ದರೂ ಸಂಬಳದ ದಾಖಲೆಯಲ್ಲಿ ಅದು ಆದಾಯವೇ. ಮಗಳು ಪ್ರವೇಶ ಪರೀಕ್ಷೆ ಬರೆದ ವರ್ಷ ಇದು ಆದರೆ ಪ್ರಮಾಣಪತ್ರ ತಪ್ಪಿತು, ಸೀಟೂ ತಪ್ಪಬಹುದು. ಮುಂದಿನ ವರ್ಷ ಆದಾಯ ಮತ್ತೆ ಇಳಿಯುತ್ತದೆ, ಪರೀಕ್ಷೆ ಮಾತ್ರ ಮುಗಿದಿರುತ್ತದೆ. ಇಲ್ಲಿ 89ನೇ ಕಲಮಿನಂಥದ್ದು ಏನೂ ಇಲ್ಲ. ಹೀಗಿರಲೇಬೇಕೆಂದೇನೂ ಇಲ್ಲ. ಹಿಂದುಳಿದ ವರ್ಗಗಳ ಕೆನೆಪದರ ನಿರ್ಧಾರಕ್ಕೆ 1993ರಲ್ಲಿ ಮಾಡಿದ ನಿಯಮದಲ್ಲಿ ಸತತ ಮೂರು ವರ್ಷದ ಆದಾಯ ಮಿತಿ ದಾಟಿದ್ದರೆ ಮಾತ್ರ ಹೊರಗಿಡುವ ಎಚ್ಚರ ಇದೆ, ಸರ್ಕಾರಿ ನೌಕರರ ಸಂಬಳವನ್ನಂತೂ ಆ ಲೆಕ್ಕಕ್ಕೆ ಹಿಡಿಯುವುದೇ ಇಲ್ಲ. ಒಂದು ವರ್ಷದ ಉಬ್ಬರ ಕುಟುಂಬದ ನಿಜಸ್ಥಿತಿಯಲ್ಲ ಎಂಬ ತಿಳಿವಳಿಕೆ 1993ರಲ್ಲಿ ಇತ್ತು, 2019ರಲ್ಲಿ ಹೊಸ ಮೀಸಲಾತಿ ಬರೆದವರು ಅದನ್ನು ಕೈಬಿಟ್ಟರು.

ಬೊಕ್ಕಸದಲ್ಲಿ ಹಣವಿಲ್ಲದಾಗ ಸರ್ಕಾರ ಏನು ಮಾಡಬೇಕು ಎಂಬ ಆಕ್ಷೇಪ ಹಗುರವಾದದ್ದಲ್ಲ. 2018ರ ನೆರೆ, ನಂತರದ ಕೋವಿಡ್ ಕೇರಳವನ್ನು ಹಿಂಡಿದವು. 2020ರಲ್ಲಿ ತಿಂಗಳಿಗೆ ಆರು ದಿನದ ಸಂಬಳ ತಡೆಯಲು ಹೊರಟಾಗ ಹೈಕೋರ್ಟ್ ತಡೆಯಾಜ್ಞೆ ಕೊಟ್ಟಿತು, ಸರ್ಕಾರ ಸುಗ್ರೀವಾಜ್ಞೆ ತರಬೇಕಾಯಿತು. ಆದರೆ ತಡವಾಗಿ ಕೊಡುವುದು ಬೇರೆ, ತಡದ ಬೆಲೆಯನ್ನು ಪಡೆಯುವವನ ಮೇಲೆಯೇ ಹೊರಿಸುವುದು ಬೇರೆ. ಕೋವಿಡ್ ಕಾಲದಲ್ಲಿ ಆಂಧ್ರಪ್ರದೇಶ ತಡೆಹಿಡಿದ ಸಂಬಳ ಮತ್ತು ಪಿಂಚಣಿಯ ಮೊಕದ್ದಮೆಯಲ್ಲಿ 2021ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಶೇ. 6ರ ಬಡ್ಡಿ ಕೊಡಲು ಹೇಳಿತು. ಸರ್ಕಾರಕ್ಕೆ ಶಿಕ್ಷೆಯಾಗಿ ಅಲ್ಲ, ಹಣ ತಡವಾಗಿ ಸೇರಿದ್ದಕ್ಕೆ. ತಡೆಹಿಡಿದ ಸಂಬಳಕ್ಕೆ ಸಲ್ಲುವ ನ್ಯಾಯ ಆದೇಶದಲ್ಲೇ ಒಪ್ಪಿಕೊಂಡ ಬಾಕಿಗೆ ಏಕೆ ಸಲ್ಲಬಾರದು? ಅಡಿಕೆ ಬೆಳೆಗಾರರೂ ಬೀಡಿ ಕಟ್ಟುವವರೂ ಇರುವ ಊರಿನಲ್ಲಿ ಸಂಬಳದಾರರ ಬಾಕಿಗೆ ಇಷ್ಟು ಕಳವಳವೇಕೆ ಎಂದೂ ಕೇಳಬಹುದು. ಕಾರಣ ಇಷ್ಟೇ: ತಿಂಗಳಿಗೆ 1,600 ರೂಪಾಯಿ ಇದ್ದ ಸಾಮಾಜಿಕ ಭದ್ರತಾ ಪಿಂಚಣಿಯೂ ತಿಂಗಳುಗಟ್ಟಲೆ ಬಾಕಿ ಬಿದ್ದಿತ್ತು, ಅದನ್ನೂ ಬಡ್ಡಿಯಿಲ್ಲದೆಯೇ ಕಂತಿನಲ್ಲಿ ತೀರಿಸಲಾಯಿತು. ಸಂಘಟನೆ, ವಕೀಲರು, ತಂತ್ರಾಂಶ ಎಲ್ಲ ಇರುವ ನೌಕರನ ಬಾಕಿಗೇ ಬೆಲೆಯಿಲ್ಲದಿದ್ದರೆ ಬೀಡಿ ಕಟ್ಟುವ ಅಜ್ಜಿಯ ಬಾಕಿಗೆ ಬೆಲೆ ಕಟ್ಟುವವರು ಯಾರು?

ಐದು ವರ್ಷಕ್ಕೊಮ್ಮೆ ಎಂಬ ಕೇರಳದ ರೂಢಿಯಂತೆ ಮುಂದಿನ ಪರಿಷ್ಕರಣೆ 2024ರ ಜುಲೈ 1ರಿಂದ ಸಲ್ಲಬೇಕಿತ್ತು. ಎಂಟನೇ ಕೇಂದ್ರ ವೇತನ ಆಯೋಗಕ್ಕೆ 2025ರ ಅಕ್ಟೋಬರ್‌ನಲ್ಲಿ ಕಾರ್ಯವ್ಯಾಪ್ತಿ ಗೊತ್ತುಮಾಡಿ 18 ತಿಂಗಳ ಅವಧಿ ಕೊಡಲಾಗಿದೆ. ಎರಡೂ ಕಡೆ ಹಿಂದಿನ ದಿನಾಂಕ ಬರುವುದು ಹೆಚ್ಚುಕಡಿಮೆ ಖಚಿತ, ಮತ್ತು ಈ ಸಲದ ಬಾಕಿ ಒಂದಕ್ಕಿಂತ ಹೆಚ್ಚು ಹಣಕಾಸು ವರ್ಷಗಳಿಗೆ ಹರಡಲಿದೆ. ಆ ಆದೇಶಗಳು ಬಂದಾಗ ಶೇಕಡಾವಾರು ಏರಿಕೆಯ ಅಂಕಿಗಿಂತ ಮೊದಲು ಹುಡುಕಬೇಕಾದ ಸಾಲುಗಳು ಬೇರೆ: ಬಾಕಿಗೆ ಅನ್ವಯದ ದಿನದಿಂದ ಬಡ್ಡಿ ಇದೆಯೇ, ವರ್ಷವಾರು ಪಟ್ಟಿಯನ್ನು ಸಂಬಳ ಬಟವಾಡೆ ಮಾಡುವ ಅಧಿಕಾರಿಯೇ ಕೊಡಬೇಕೆಂದಿದೆಯೇ, ಪಿಎಫ್‌ಗೆ ಸೇರಿಸಿದರೆ ಕನಿಷ್ಠ ತೆರಿಗೆಯಷ್ಟು ಹಣವನ್ನು ನಗದಾಗಿ ಬಿಡುತ್ತಾರೆಯೇ, ಎನ್‌ಪಿಎಸ್‌ನ ಸರ್ಕಾರದ ಪಾಲು ಕಳೆದ ವರ್ಷಗಳ ಬೆಳವಣಿಗೆಯನ್ನೂ ತುಂಬಿಕೊಡುತ್ತದೆಯೇ, ನಡುವೆ ನಿವೃತ್ತರಾದವರ ಉಪದಾನ ಯಾವ ವೇತನದ ಮೇಲೆ.