ರ‍್ಯಾಮ್ ಹಾಕಿಸಿದರೆ ಸಾಕೇ?

ಕರಜಗಿ ಕಡೆಯ ಕನ್ನಡ ಶಾಲೆಯ ಮಾಸ್ತರರಿಗೆ ಎರಡು ಭಾಷೆಯ ಕೆಲಸ. ಪ್ರಶ್ನೆಪತ್ರಿಕೆ ಬರೆಯುವುದು ‘ನುಡಿ’ಯಲ್ಲಿ, ಮಕ್ಕಳ ಮಾಹಿತಿ ತುಂಬುವುದು ಮಹಾರಾಷ್ಟ್ರ ಸರ್ಕಾರದ ‘ಸರಲ್’ ಪೋರ್ಟಲಿನಲ್ಲಿ. ಎರಡನ್ನೂ ಒಟ್ಟಿಗೆ ತೆರೆದರೆ ಸಣ್ಣ ಲ್ಯಾಪ್‌ಟಾಪು ನಿಂತೇಬಿಡುತ್ತದೆ. ಒಂದಕ್ಷರ ಒತ್ತಿ, ಅದು ಪರದೆಯ ಮೇಲೆ ಮೂಡುವವರೆಗೆ ಕಾಯಬೇಕು. ಆಗ ಎಲ್ಲರೂ ಹೇಳುವ ಮದ್ದು ಒಂದೇ: “ರ‍್ಯಾಮ್ ಹಾಕಸ್ರಿ ಸರ, ಓಡ್ತದ.”

ಮದ್ದು ಒಳ್ಳೆಯದೇ. ಆದರೆ ರೋಗ ನೋಡದೆ ಕೊಡುತ್ತಾರೆ ಎಂಬುದೇ ನನ್ನ ತಕರಾರು.

ನಮ್ಮ ಕಡೆಯ ಮಾತಿನಲ್ಲಿ ಹೇಳುವುದಾದರೆ ರ‍್ಯಾಮ್ ಅಂದರೆ ಕಣ, ಹಾರ್ಡ್ ಡಿಸ್ಕ್ ಅಂದರೆ ಹಗೇವು. ಕಣ ಸಣ್ಣದಾದಾಗ ಯಂತ್ರ ಅರ್ಧ ಕೆಲಸವನ್ನು ಹಗೇವಿಗಿಳಿಸಿ, ಬೇಕಾದಾಗ ಮತ್ತೆ ಮೇಲೆತ್ತುತ್ತದೆ. ನಿಮಿಷಕ್ಕೆ 5400 ಸುತ್ತು ತಿರುಗುವ ಡಿಸ್ಕಿಗೆ ಒಂದು ಸುತ್ತಿಗೇ 11 ಮಿಲಿಸೆಕೆಂಡು ಬೇಕು. ರ‍್ಯಾಮ್ ಅಷ್ಟು ಹೊತ್ತಿನಲ್ಲಿ ಲಕ್ಷ ಸಲ ಹೋಗಿ ಬಂದಿರುತ್ತದೆ. ನನ್ನ ಹಳೆಯ ಆಟಮ್ ನೆಟ್‌ಬುಕ್ಕಿಗೆ 1 ಜಿಬಿ ತೆಗೆದು 2 ಜಿಬಿ ಹಾಕಿದ ದಿನ ಇದು ಕಣ್ಣಿಗೇ ಕಂಡಿತು. ಸದಾ ಮಿಣುಕುತ್ತಿದ್ದ ಡಿಸ್ಕಿನ ದೀಪ ತಣ್ಣಗಾಯಿತು, ಟೈಪು ಮಾಡಿದ ಅಕ್ಷರ ಬೆರಳಿನ ಹಿಂದೆಯೇ ಬಂತು. ಆದರೆ ಆ ಆಟಮ್ ಚಿಪ್ಪಿನ ಮಿತಿಯೇ 2 ಜಿಬಿ. ಅದರ ಮೇಲೆ ಎಷ್ಟು ದುಡ್ಡು ಸುರಿದರೂ ವ್ಯರ್ಥ.

ಹಾಕುವ ಕೆಲಸವೇನೂ ಕಷ್ಟದ್ದಲ್ಲ. ಬ್ಯಾಟರಿ ತೆಗೆದು, ಮೈಯ ವಿದ್ಯುತ್ತು ಇಳಿಯಲೆಂದು ಒಂದು ಕಬ್ಬಿಣದ ವಸ್ತು ಮುಟ್ಟಿ, ಹಿಂದಿನ ಮುಚ್ಚಳ ಬಿಚ್ಚಬೇಕು. ನನ್ನದರಲ್ಲಿ ರಾಶಿ ಕಾಲದ ಜೋಳದ ದೂಳು ಪದರ ಕಟ್ಟಿತ್ತು. ಎರಡೂ ಬದಿಯ ಕೊಂಡಿ ಅಗಲಿಸಿದರೆ ರ‍್ಯಾಮ್ ಪಟ್ಟಿ ತಾನೇ ಓರೆಯಾಗಿ ಮೇಲೇಳುತ್ತದೆ. ಹೊಸದನ್ನು ಅದೇ ಓರೆಯಲ್ಲಿ ತೂರಿಸಿ ಕೆಳಗೊತ್ತಿದರೆ ‘ಟಕ್’ ಎನ್ನುತ್ತದೆ. ಹತ್ತು ನಿಮಿಷದ ಕೆಲಸ.

ಎಡವುವುದು ಕೊಳ್ಳುವಾಗ. ಗೆಳೆಯರೊಬ್ಬರ ಲ್ಯಾಪ್‌ಟಾಪು 1.35 ವೋಲ್ಟಿನ ಡಿಡಿಆರ್3ಎಲ್ ಮಾತ್ರ ಒಪ್ಪುವಂಥದ್ದು. ಅಂಗಡಿಯವರು ಕೊಟ್ಟದ್ದು 1.5 ವೋಲ್ಟಿನ ಮಾಮೂಲಿ ಡಿಡಿಆರ್3. ಎರಡರ ಕಚ್ಚೂ ಒಂದೇ, ಆದ್ದರಿಂದ ಸರಿಯಾಗಿಯೇ ಕೂತಿತು. ಯಂತ್ರ ಮಾತ್ರ ಏಳಲಿಲ್ಲ. ಒಂದು ಅಕ್ಷರದ ತಪ್ಪಿಗೆ ಅಕ್ಕಲಕೋಟದಿಂದ ಸೊಲ್ಲಾಪುರಕ್ಕೆ ಸುಮಾರು 40 ಕಿಲೋಮೀಟರು ಎಸ್‌ಟಿ ಬಸ್ಸಿನಲ್ಲಿ ಇನ್ನೊಮ್ಮೆ ಹೋಗಿಬರಬೇಕಾಯಿತು, ಒಂದು ದಿನದ ರಜೆಯೂ ಹೋಯಿತು. ಪಟ್ಟಣದವರಿಗೆ ಇದು ಸಣ್ಣ ವಿಷಯ, ಹಳ್ಳಿಯವರಿಗಲ್ಲ.

ಹಾಗಾಗಿ ಮೊದಲು ಯಂತ್ರವನ್ನೇ ಕೇಳಿ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ದಿನದ ಕೆಲಸದ ನಡುವೆ ಮೆಮೊರಿ ನೂರಕ್ಕೆ ತೊಂಬತ್ತರ ಮೇಲೆಯೇ ನಿಂತಿದ್ದರೆ ರ‍್ಯಾಮ್ ಹಾಕಿಸಿ. 4 ಜಿಬಿಯಿಂದ 8ಕ್ಕೆ ಹೋದವರಿಗೆ ನಿರಾಸೆಯಾದದ್ದನ್ನು ನಾನು ಕಂಡಿಲ್ಲ. ಮೆಮೊರಿ ಅರ್ಧ ಖಾಲಿಯಿದ್ದು ಡಿಸ್ಕ್ ಮಾತ್ರ ನೂರಕ್ಕೆ ನೂರು ತೋರಿಸುತ್ತಿದ್ದರೆ ಅದೇ ದುಡ್ಡಿಗೆ ಎಸ್‌ಎಸ್‌ಡಿ ಹಾಕಿಸುವುದು ಮೇಲು. ಈಚಿನ ಹಲವು ತೆಳು ಲ್ಯಾಪ್‌ಟಾಪುಗಳಲ್ಲಿ ರ‍್ಯಾಮನ್ನು ಬೋರ್ಡಿಗೇ ಬೆಸೆದಿರುತ್ತಾರೆ, ಬೇರೆ ಸ್ಲಾಟೂ ಇರುವುದಿಲ್ಲ. ಇದು ಕೊಳ್ಳುವವರಿಗೆ ತಯಾರಕರು ಮಾಡುತ್ತಿರುವ ಅನ್ಯಾಯ. ಬಡ ಶಾಲೆಯ ಯಂತ್ರಕ್ಕೆ ಇನ್ನೈದು ವರ್ಷ ಆಯುಷ್ಯ ಕೊಡುವ ದಾರಿಯನ್ನು ಕಾರ್ಖಾನೆಯಲ್ಲೇ ಮುಚ್ಚಿಬಿಡುತ್ತಾರೆ.

ಸೊಲ್ಲಾಪುರದ ಬಸ್ಸು ಹತ್ತುವ ಮುಂಚೆ ಮುಚ್ಚಳ ಬಿಚ್ಚಿ, ಹಳೆಯ ಪಟ್ಟಿಯ ಮೇಲಿನ ಚೀಟಿಯ ಫೋಟೊ ಮೊಬೈಲಿನಲ್ಲಿ ತೆಗೆದುಕೊಳ್ಳಿ. ಅಂಗಡಿಯಲ್ಲಿ ಅದನ್ನೇ ತೋರಿಸಿ.