ಸೀಡರ್ ಮರದ ಘರಾಣೆ

ಎಂಟು ಜನ ಹುಟ್ಟು ಹಾಕುವ ರೇಸಿನ ದೋಣಿಯನ್ನು ಹತ್ತಿರದಿಂದ ಕಂಡರೆ ಮೊದಲು ಹುಟ್ಟುವುದು ದಿಗಿಲು. ಉದ್ದ ಅರವತ್ತು ಅಡಿ ಮೀರುತ್ತದೆ, ಅಗಲ ಎರಡು ಅಡಿಯಷ್ಟೇ. ಎಂಟೂ ಜನ ಗುರಿಗೆ ಬೆನ್ನು ಹಾಕಿ ಕೂತಿರುತ್ತಾರೆ. ಮುಂದೇನಿದೆ ಎಂದು ಕಾಣುವುದು ಚುಕ್ಕಾಣಿ ಹಿಡಿದ ಒಂಬತ್ತನೆಯವನಿಗೆ ಮಾತ್ರ. ಅವನನ್ನು ಕಾಕ್ಸ್ ಎನ್ನುತ್ತಾರೆ. ಅವನ ಮಾತನ್ನು ನಂಬಿ ಉಳಿದವರು ಮೈಯಲ್ಲಿರುವುದನ್ನೆಲ್ಲ ಸುರಿಯಬೇಕು. ಒಬ್ಬನ ಹುಟ್ಟು ಅರೆಕ್ಷಣ ತಡವಾಗಿ ನೀರಿಗಿಳಿದರೂ ಇಡೀ ದೋಣಿಗೆ ಗೊತ್ತಾಗುತ್ತದೆ. ಎಂಟೂ ಕೂಡಿಬಂದಾಗ ಸಿಗುವ ಹದಕ್ಕೆ ಆ ಲೋಕದವರು ‘ಸ್ವಿಂಗ್’ ಎನ್ನುತ್ತಾರೆ. ಸಂಗೀತ ಕೇಳಿ ಬೆಳೆದ ನಮಗೆ ಅದು ಹೊಸತಲ್ಲ. ಲಯ ಕೂತಿತು ಅನ್ನುತ್ತೇವಲ್ಲ, ಅದೇ.

ವಿಶ್ವವಿದ್ಯಾಲಯಗಳ ರೋಯಿಂಗ್ ಎಂದ ಕೂಡಲೇ ಆಕ್ಸ್‌ಫರ್ಡ್, ಕೇಂಬ್ರಿಡ್ಜ್ ನೆನಪಾಗುತ್ತವೆ. ಅವುಗಳ ಪೈಪೋಟಿ 1829ರಷ್ಟು ಹಳೆಯದು, ಗೌರವ ಸಲ್ಲಲೇಬೇಕು. ಆದರೆ ನನ್ನ ಮನಸ್ಸು ಹೋಗುವುದು ಅಮೆರಿಕದ ಪಶ್ಚಿಮದಂಚಿಗೆ, ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯಕ್ಕೆ. ಅಲ್ಲಿರುವುದು ಬರೀ ತಂಡವಲ್ಲ, ಕಿರಾಣಾ, ಗ್ವಾಲಿಯರ್ ಎಂದು ನಾವು ಗುರುತಿಸುವಂಥ ಘರಾಣೆ. ಅದಕ್ಕೆ ಇಬ್ಬರು ಮೂಲಪುರುಷರು: ಒಬ್ಬ ರೋಯಿಂಗ್ ಗೊತ್ತಿಲ್ಲದ ತರಬೇತುದಾರ, ಇನ್ನೊಬ್ಬ ದೋಣಿ ಕಟ್ಟುವ ಬಡಗಿ.

ಹೈರಮ್ ಕಾನಿಬೇರ್ ಶಿಕಾಗೊ ವೈಟ್ ಸಾಕ್ಸ್ ಬೇಸ್‌ಬಾಲ್ ತಂಡದ ಆಟಗಾರರ ಮೈಕೈ ನೋಡಿಕೊಳ್ಳುತ್ತಿದ್ದವನು. 1907ರಲ್ಲಿ ವಾಷಿಂಗ್ಟನ್‌ನಲ್ಲಿ ರೋಯಿಂಗ್ ಕಲಿಸುವ ಹೊಣೆ ಅವನ ಮೇಲೆ ಬಿತ್ತು. ಗೊತ್ತಿಲ್ಲದ ವಿದ್ಯೆಯನ್ನು ಕಲಿಸಲು ಅವನು ಹಿಡಿದ ದಾರಿ ಅಪರೂಪದ್ದು. ವಿಶ್ವವಿದ್ಯಾಲಯದಿಂದ ಒಂದು ಅಸ್ಥಿಪಂಜರ ತಂದು ದೋಣಿಯ ಪೀಠದ ಮೇಲೆ ಕೂರಿಸಿದ, ಕೈಗೆ ಪೊರಕೆಯ ಕೋಲು ಕಟ್ಟಿದ. ಹುಟ್ಟು ಎಳೆಯುವಾಗ ಯಾವ ಮೂಳೆ ಎತ್ತ ಬಾಗುತ್ತದೆ, ಬೆನ್ನಿಗೆ ಎಲ್ಲಿ ಪೆಟ್ಟು ಬೀಳುತ್ತದೆ ಎಂದು ಅದನ್ನು ಆಡಿಸಿ ಆಡಿಸಿ ನೋಡಿದ. ಇಂಗ್ಲೆಂಡಿನಿಂದ ಬಂದಿದ್ದ ಪದ್ಧತಿಯಲ್ಲಿ ಮೈಯನ್ನು ಬಹಳ ಹಿಂದಕ್ಕೆ ಚಾಚಿ ಎಳೆಯುತ್ತಿದ್ದರು. ಅದು ದೇಹಕ್ಕೂ ದಂಡ, ದೋಣಿಗೂ ದಂಡ ಎನ್ನುವುದು ಅವನ ತೀರ್ಮಾನ. ಹಿಂದಕ್ಕೆ ಬಾಗುವುದನ್ನು ಕಡಿಮೆ ಮಾಡಿ, ಹುಟ್ಟು ನೀರನ್ನು ಚುರುಕಾಗಿ ಕಚ್ಚುವಂತೆ ಮಾಡಿದ. ಅದಕ್ಕೆ ‘ಕಾನಿಬೇರ್ ಸ್ಟ್ರೋಕ್’ ಎಂಬ ಹೆಸರು ಬಂತು. 1917ರಲ್ಲಿ ಪ್ಲಮ್ ಮರದಿಂದ ಬಿದ್ದು ಅವನು ಸತ್ತ. ಸ್ಟ್ರೋಕ್ ಉಳಿಯಿತು.

ಅಷ್ಟು ಹೊತ್ತಿಗೆ ಅವನು ಇನ್ನೊಂದು ದೊಡ್ಡ ಕೆಲಸ ಮಾಡಿಬಿಟ್ಟಿದ್ದ. 1912ರಲ್ಲಿ ಕೆನಡಾದ ವ್ಯಾಂಕೂವರ್‌ಗೆ ಹೋಗಿ, ನೀರಿನ ಮೇಲೆ ತೇಲುವ ಕಾರ್ಖಾನೆಯಲ್ಲಿ ದೋಣಿ ಕಟ್ಟುತ್ತಿದ್ದ ಇಬ್ಬರು ಇಂಗ್ಲಿಷ್ ಅಣ್ಣತಮ್ಮಂದಿರನ್ನು ಸಿಯಾಟಲ್‌ಗೆ ಕರೆದಿದ್ದ. ಅವರು ಡಿಕ್ ಮತ್ತು ಜಾರ್ಜ್ ಪೋಕಾಕ್. ಅಪ್ಪ ಈಟನ್ ಕಾಲೇಜಿನ ದೋಣಿ ಬಡಗಿ. ಕಸುಬು ರಕ್ತದಲ್ಲೇ ಇತ್ತು, ಹುಟ್ಟು ಹಿಡಿಯುವುದರಲ್ಲೂ ಇಬ್ಬರೂ ಪಳಗಿದವರು. ಡಿಕ್ ಮುಂದೆ ಯೇಲ್‌ಗೆ ಹೋದ. ಜಾರ್ಜ್ ನಡುವೆ ಕೆಲವು ವರ್ಷ ಬೋಯಿಂಗ್ ಕಂಪನಿಯಲ್ಲಿ ಸಮುದ್ರವಿಮಾನಗಳ ತೇಲುಗಾಲುಗಳನ್ನು ಮಾಡುತ್ತಿದ್ದು, 1922ರ ಕೊನೆಗೆ ದೋಣಿಯ ಕೆಲಸಕ್ಕೇ ಮರಳಿದ. ಮೊದಲ ಮಹಾಯುದ್ಧದ ಕಾಲದಲ್ಲಿ ನೌಕಾಪಡೆ ವಿಮಾನಗಳಿಗೆಂದು ಕಟ್ಟಿದ್ದ ದೊಡ್ಡ ಮರದ ಕೊಟ್ಟಿಗೆಯೊಂದು ನೀರಿನಂಚಿನಲ್ಲಿತ್ತು. ಅದು ತಂಡದ ದೋಣಿಮನೆಯಾಯಿತು, ಅದರ ಅಟ್ಟ ಜಾರ್ಜ್‌ನ ಕಮ್ಮಟವಾಯಿತು.

ಜಾರ್ಜ್‌ನ ಕೈಗೆ ವೆಸ್ಟರ್ನ್ ರೆಡ್ ಸೀಡರ್ ಸಿಕ್ಕಿದ್ದು ಈ ಕಥೆಯ ತಿರುಳು. ಆ ಕರಾವಳಿಯ ಮೂಲನಿವಾಸಿಗಳು ತಲೆಮಾರುಗಳಿಂದ ಇದೇ ಮರ ಕೊರೆದು ದೋಣಿ ಮಾಡುತ್ತಿದ್ದರು. ಸಿಯಾಟಲ್‌ನ ಎರಡು ಸರೋವರಗಳನ್ನು ಇಂದು ಕೂಡಿಸುವ ಮಾಂಟ್‌ಲೇಕ್ ಕಟ್ ಎಂಬ ಕಾಲುವೆಯ ಜಾಗಕ್ಕೆ ಅವರ ನುಡಿಯಲ್ಲಿದ್ದ ಹೆಸರಿನ ಅರ್ಥವೇ ‘ದೋಣಿ ಹೊತ್ತು ದಾಟುವ ಕಡೆ’. ಜಾರ್ಜ್ ಆ ಮರವನ್ನು ಎರಡೂವರೆ ಮಿಲಿಮೀಟರಿನಷ್ಟು ತೆಳುವಾಗಿ ಸೀಳಿ, ಹಬೆಯಲ್ಲಿ ಬಾಗಿಸಿ, ದೋಣಿಗೆ ತೊಗಲಿನಂತೆ ಹೊದಿಸಿದ. ತೇವ ಕುಡಿದ ಸೀಡರ್ ಉದ್ದಕ್ಕೆ ಒಂದಿಷ್ಟು ಹಿಗ್ಗಲು ನೋಡುತ್ತದೆ. ಒಳಗಿನ ಗಟ್ಟಿ ಮರದ ಚೌಕಟ್ಟು ಬಿಡುವುದಿಲ್ಲ. ಈ ಎಳೆದಾಟದಲ್ಲಿ ದೋಣಿಯ ಎರಡೂ ತುದಿ ತುಸು ಮೇಲೇಳುತ್ತವೆ, ಮೈಯೆಲ್ಲ ಬಿಗಿದ ಬಿಲ್ಲಾಗುತ್ತದೆ. ಪ್ರತಿ ಎಳೆತಕ್ಕೂ ಮರ ತಾನೇ ಪುಟಿದು ಮುಂದಕ್ಕೆ ಹೋಗುತ್ತದೆ. ತಂಬೂರಿಯ ಬುರುಡೆಯ ನಾದವನ್ನು ಬೆರಳಿನಿಂದ ತಟ್ಟಿ ಅರಿಯುವ ಕುಶಲಿಗಳು ನಮ್ಮಲ್ಲಿದ್ದಾರೆ. ಜಾರ್ಜ್ ಪೋಕಾಕ್ ಅವರ ಸಾಲಿನವನು.

ಈ ಘರಾಣೆಯ ಶಿಷ್ಯರನ್ನು ನೋಡಿ. 1924ರಲ್ಲಿ ಒಲಿಂಪಿಕ್ಸ್ ಎಂಟರ ದೋಣಿಯ ಚಿನ್ನ ಗೆದ್ದ ಯೇಲ್‌ನ ಗುರು ಎಡ್ ಲೀಡರ್. 1928, 1932, 1948ರಲ್ಲಿ ಗೆದ್ದ ಕ್ಯಾಲಿಫೋರ್ನಿಯಾದ ಗುರು ಕೈ ಎಬ್‌ರೈಟ್. 1952ರಲ್ಲಿ ಗೆದ್ದ ನೌಕಾ ಅಕಾಡೆಮಿಯ ಗುರು ರಸ್ಟಿ ಕ್ಯಾಲೊ. ಮೂವರೂ ವಾಷಿಂಗ್ಟನ್‌ನಲ್ಲಿ ಕಾನಿಬೇರ್ ಕೈಕೆಳಗೆ ಪಳಗಿದವರು. ನಡುವಿನ 1936ರ ಚಿನ್ನ ಸ್ವತಃ ವಾಷಿಂಗ್ಟನ್‌ನದು, ಗುರು ಅಲ್ಲಿಯದೇ ಹಳೆಯ ವಿದ್ಯಾರ್ಥಿ ಆಲ್ ಉಲ್‌ಬ್ರಿಕ್ಸನ್. ಸತತ ಆರು ಒಲಿಂಪಿಕ್ಸ್‌ನ ಚಿನ್ನ ಒಂದೇ ಘರಾಣೆಯ ಪಾಲಾಯಿತು. ಘರಾಣೆ ಎಂಬ ಮಾತನ್ನು ನಾನು ಅಲಂಕಾರಕ್ಕೆ ಬಳಸಿಲ್ಲ.

1936ರ ಕಥೆ ಡೇನಿಯಲ್ ಜೇಮ್ಸ್ ಬ್ರೌನ್ ಅವರ ಪುಸ್ತಕದಿಂದ, 2023ರ ಸಿನಿಮಾದಿಂದ ಈಗ ಎಲ್ಲರಿಗೂ ಗೊತ್ತು. ಆರ್ಥಿಕ ಕುಸಿತದ ಕಾಲ. ತಂಡದಲ್ಲೊಬ್ಬನಾದ ಜೋ ರ್‍ಯಾಂಟ್ಜ್‌ನನ್ನು ಹುಡುಗನಾಗಿದ್ದಾಗಲೇ ಮನೆಯವರು ಬಿಟ್ಟುಹೋಗಿದ್ದರು, ಅವನು ಕೂಲಿನಾಲಿ ಮಾಡಿ ಓದಿದವನು. ದೇಶದ ಆಯ್ಕೆಯಲ್ಲಿ ಗೆದ್ದಮೇಲೆ ಬರ್ಲಿನ್‌ಗೆ ಹೋಗಲು 5,000 ಡಾಲರ್ ನೀವೇ ಹೊಂದಿಸಿ ಎಂಬ ಮಾತು ಬಂತು, ಊರಿನ ಜನ ಕೆಲವೇ ದಿನದಲ್ಲಿ ಚಂದಾ ಎತ್ತಿಕೊಟ್ಟರು. ಆಗಸ್ಟ್ 14, ಬರ್ಲಿನ್ ಅಂಚಿನ ಗ್ರ್ಯೂನಾವ್. ಹಿಟ್ಲರ್ ನೋಡುತ್ತಿದ್ದಾನೆ. ದಡದ ಮರೆಯಿಲ್ಲದ, ಗಾಳಿಗೆ ಮೈಯೊಡ್ಡಿದ ಆರನೇ ದಾರಿ ಇವರಿಗೆ. ಲಯ ಕೊಡಬೇಕಾದ ಡಾನ್ ಹ್ಯೂಮ್ ಹಾಸಿಗೆಯಿಂದ ಎದ್ದು ಬಂದಿದ್ದ. ಹೊರಡುವುದೇ ತಡವಾಗಿ ಹಿಂದೆ ಬಿದ್ದವರು ಕೊನೆಯಲ್ಲಿ ಒಬ್ಬೊಬ್ಬರನ್ನೇ ದಾಟಿದರು. ಅಮೆರಿಕ 6 ನಿಮಿಷ 25.4 ಸೆಕೆಂಡ್, ಇಟಲಿ 26.0, ಜರ್ಮನಿ 26.4. ಮೂರು ದೋಣಿಗಳ ನಡುವೆ ಒಂದೇ ಸೆಕೆಂಡಿನ ಅಂತರ. ಅವರ ದೋಣಿ ‘ಹಸ್ಕಿ ಕ್ಲಿಪ್ಪರ್’ ಪೋಕಾಕ್‌ನ ಅಟ್ಟದಲ್ಲಿ ಹುಟ್ಟಿದ್ದು.

ಈ ಗೆಲುವಿನ ಹೊಳಪಿನಲ್ಲಿ ಹೆಣ್ಣುಮಕ್ಕಳ ಸಾಧನೆ ಮರೆಗೆ ಸರಿದಿರುವುದು ನನಗೆ ಒಪ್ಪಿಗೆಯಿಲ್ಲ. 1997ರಲ್ಲಿ ಅಮೆರಿಕದ ಕಾಲೇಜು ಕ್ರೀಡಾ ಸಂಸ್ಥೆ ಮಹಿಳಾ ರೋಯಿಂಗ್ ಚಾಂಪಿಯನ್‌ಷಿಪ್ ಆರಂಭಿಸಿದಾಗ ಮೊದಲ ಪ್ರಶಸ್ತಿ ವಾಷಿಂಗ್ಟನ್‌ಗೇ ಹೋಯಿತು. ಆಮೇಲೆ 1998, 2001, 2017, 2019ರಲ್ಲೂ ಅವರೇ ಗೆದ್ದರು. ಗಂಡುಮಕ್ಕಳ ತಂಡ 2011ರಿಂದ 2015ರವರೆಗೆ ಸತತ ಐದು ವರ್ಷ ರಾಷ್ಟ್ರೀಯ ಪ್ರಶಸ್ತಿ ಹಿಡಿಯಿತು. ಆ ಬಗ್ಗೆ ಬರೆಯುವವರಿಗೆ ಕೊರತೆಯಿಲ್ಲ, ಹೆಣ್ಣುಮಕ್ಕಳ ಮೇಲೆ ಅಂಥದ್ದೇ ಒಂದು ದೊಡ್ಡ ಪುಸ್ತಕ ಬರಬೇಕು.

ಸಂಪ್ರದಾಯಗಳಲ್ಲಿ ನನಗೆ ಬಹಳ ಹಿಡಿಸಿದ್ದು ಅಂಗಿಯ ಪಂತ. ಕಾಲೇಜು ರೋಯಿಂಗ್‌ನಲ್ಲಿ ಸೋತವರು ಮೈಮೇಲಿನ ಅಂಗಿ ಬಿಚ್ಚಿ ಗೆದ್ದವರ ಕೈಗಿಡುತ್ತಾರೆ. ಗೆದ್ದವರೋ ತಮ್ಮ ಕಾಕ್ಸ್‌ನನ್ನು ಎತ್ತಿ ನೀರಿಗೆಸೆಯುತ್ತಾರೆ. ಈ ಸೋಲು ಗೆಲುವಿನ ನಂಟು ಗಡಿಗಳನ್ನೂ ದಾಟಿದೆ: 1958ರಲ್ಲಿ ವಾಷಿಂಗ್ಟನ್ ತಂಡ ಇಂಗ್ಲೆಂಡಿನ ಹೆನ್ಲಿಯಲ್ಲಿ ಸೋವಿಯತ್ ತಂಡಕ್ಕೆ ಸೋತು, ಶೀತಲ ಸಮರದ ನಡುವೆಯೇ ಮಾಸ್ಕೋಗೆ ಹೋಗಿ ಅದೇ ತಂಡವನ್ನು ಸೋಲಿಸಿ ಬಂತು. 1987ರಲ್ಲಿ ಸಿಯಾಟಲ್‌ನಲ್ಲಿ ವಿಂಡರ್‌ಮಿಯರ್ ಕಪ್ ಎಂಬ ರೋಯಿಂಗ್ ಪಂದ್ಯ ಶುರುವಾದಾಗ ಮೊದಲ ಅತಿಥಿಗಳಾಗಿ ಬಂದವರು ಸೋವಿಯತ್ ಹುಡುಗ ಹುಡುಗಿಯರೇ.

ಆ ಕಪ್ ಈಗಲೂ ಮೇ ತಿಂಗಳ ಮೊದಲ ಶನಿವಾರ ಮಾಂಟ್‌ಲೇಕ್ ಕಟ್‌ನಲ್ಲಿ ನಡೆಯುತ್ತದೆ. ಸಿಯಾಟಲ್‌ನ ಸಾಫ್ಟ್‌ವೇರ್ ಕಂಪನಿಗಳಲ್ಲಿ ಕನ್ನಡಿಗರು ಬಹಳ ಮಂದಿ ಇದ್ದಾರೆ, ಬೇಸಿಗೆಗೆ ಅವರ ಅಪ್ಪ ಅಮ್ಮಂದಿರೂ ಹೋಗುತ್ತಾರೆ. ನೀವು ಆ ಹೊತ್ತಿಗೆ ಅಲ್ಲಿದ್ದರೆ ತಪ್ಪಿಸಿಕೊಳ್ಳಬೇಡಿ. ಬೆಳಿಗ್ಗೆ ಬೇಗ ಹೋಗಿ ಕಾಲುವೆಯ ದಡದಲ್ಲಿ ಜಾಗ ಹಿಡಿಯಿರಿ. ದೋಣಿಗಳು ಈಗ ಕಾರ್ಬನ್ ಫೈಬರಿನವು. ಸೀಡರಿನ ‘ಹಸ್ಕಿ ಕ್ಲಿಪ್ಪರ್’ ಕಾನಿಬೇರ್ ಹೆಸರಿನ ದೋಣಿಮನೆಯಲ್ಲಿ, ಹುಡುಗರು ಊಟಕ್ಕೆ ಕೂರುವ ಸಭಾಂಗಣದ ಮಾಡಿನಿಂದ ತೂಗುತ್ತಿದೆ.