ಲೂಸಿಯಾ ಗೀತೆಯಲ್ಲಿ ಲೂಸಿಯಾ ಎಲ್ಲಿ?

ಡಿಸೆಂಬರ್ 13ರ ಮುಂಜಾನೆಯ ಕತ್ತಲಲ್ಲಿ ಸ್ವೀಡನ್ನಿನ ಶಾಲೆ, ದೇವಾಲಯ, ಕಚೇರಿಗಳಲ್ಲಿ ಮೆರವಣಿಗೆಯೊಂದು ಸಾಗುತ್ತದೆ. ಮುಂದೆ ಬಿಳಿ ನಿಲುವಂಗಿ ತೊಟ್ಟು, ತಲೆಯ ಮೇಲೆ ಮೇಣದಬತ್ತಿಗಳ ಕಿರೀಟ ಧರಿಸಿದ ಹುಡುಗಿ. ಆಗ ಹಾಡುವ ಗೀತೆಯನ್ನು ಕುರಿತು ನಾಲ್ಕು ಮಾತು.

ಅದರ ರಾಗ ಇಟಲಿಯ ನೇಪಲ್ಸಿನದು. ಅಲ್ಲಿ ಅದು ದೋಣಿಯ ಹಾಡು; ಸಾಂತಾ ಲೂಸಿಯಾ ಎಂಬುದು ಕಡಲತೀರದ ಒಂದು ಕೇರಿ. ಅದೇ ರಾಗಕ್ಕೆ ಅರ್ವಿದ್ ರೊಸೇನ್ 1928ರಲ್ಲಿ ಸ್ವೀಡಿಷ್ ಸಾಹಿತ್ಯ ರಚಿಸಿದರು. ಕಡಲು ಹೋಗಿ ಇರುಳು ಬಂದಿತು, ದೋಣಿ ಹೋಗಿ ಮನೆ ಬಂದಿತು. ಮಧ್ಯಾಹ್ನ ಮೂರಕ್ಕೆ ಮೊದಲೇ ಸೂರ್ಯ ಮುಳುಗುವ ಸ್ಟಾಕ್‌ಹೋಮಿನವರಿಗೆ ಇದು ಸಹಜವೇ.

ಆದರೆ ಸುಮಾರು ಕ್ರಿ.ಶ. 304ರಲ್ಲಿ ಸಿರಾಕ್ಯೂಸಿನಲ್ಲಿ ವಿಶ್ವಾಸಕ್ಕಾಗಿ ಪ್ರಾಣ ತೆತ್ತ ಕನ್ಯೆ? ಹೆಸರೊಂದನ್ನು ಬಿಟ್ಟರೆ ಆಕೆಯ ಕಥೆ ಈ ಗೀತೆಯಲ್ಲಿಲ್ಲ. ಸುಂದರ ರಚನೆಯೇ ಆದರೂ ಇದನ್ನು ನಾನು ಕೊರತೆಯೆಂದೇ ಎಣಿಸುತ್ತೇನೆ. ಹುಡುಗಿಯ ನಡುವಿಗೆ ಕಟ್ಟಿದ ಕೆಂಪು ಪಟ್ಟಿ ಮಾತ್ರ ರಕ್ತಸಾಕ್ಷಿಯನ್ನು ಇಂದಿಗೂ ನೆನಪಿಸುತ್ತದೆ. ಸಂತರ ಆರಾಧನೆಯನ್ನು ಕೈಬಿಟ್ಟ ಲೂಥರನ್ ನಾಡಿನಲ್ಲಿ ಅಷ್ಟಾದರೂ ಉಳಿದದ್ದು ಅಚ್ಚರಿ.

ಭಾಷೆ ಕಲಿಯಲೆಂದು ತರಗತಿಗೆ ಹೋಗುವ ವಲಸಿಗರಿಗೆ ಈ ಗೀತೆ ಸುಲಭವಲ್ಲ. ಹೆಜ್ಜೆ ಎಂಬುದಕ್ಕೆ ಕವಿ ಬಳಸಿದ 'ಫ್ಯೇಟ್' ಎಂಬ ಹಳೆಯ ಪದ ಅಂಗಡಿಯಲ್ಲೂ ಬಸ್ಸಿನಲ್ಲೂ ಕಿವಿಗೆ ಬೀಳದು. 'ಯೂಸ್' ಎಂಬ ಪದವಾದರೋ ಬೆಳಕಿಗೂ ಮೇಣದಬತ್ತಿಗೂ ಒಂದೇ. ಲೂಸಿಯಾ ಎಂಬ ಹೆಸರು ಹುಟ್ಟಿದ್ದೂ ಬೆಳಕನ್ನು ಸೂಚಿಸುವ ಲತೀನ್ ಪದದಿಂದ. ಕೇಸರಿ ಹಾಕಿದ ಬನ್ನು ತಿನ್ನುತ್ತಾ ಈ ಗೀತೆ ಕಲಿಯುವ ಕ್ರೈಸ್ತ ಮಕ್ಕಳಿಗೆ ಸಿರಾಕ್ಯೂಸಿನ ಕಥೆಯನ್ನು ಮನೆಯವರೇ ಹೇಳಬೇಕಾಗುತ್ತದೆ.